ಮೊಸಾಯಿಕ್ ಪಿನ್‌ಗೆ ಏನು ತುಂಬಬೇಕು: ಸೂಪರ್ ಗ್ಲೂ, ಎಪಾಕ್ಸಿ, ಬೆಸುಗೆ

ಚಾಕುವಿನ ಹಿಡಿಗೆ ಹಾಕುವ ಮೊಸಾಯಿಕ್ ಪಿನ್ ಅಂದರೆ ಒಂದು ಹಿತ್ತಾಳೆ ಕೊಳವೆ, ಅದರೊಳಗೆ ಒತ್ತೊತ್ತಾಗಿ ಕೂತ ಸಣ್ಣ ಲೋಹದ ಕಡ್ಡಿಗಳು, ಸಂದಿಗಳಲ್ಲಿ ಬಣ್ಣ ಬೆರೆಸಿದ ಅಂಟು. ಅಡ್ಡಲಾಗಿ ಕೊಯ್ದರೆ ಹೂವಿನಂಥ ಚಿತ್ತಾರ ಕಾಣುತ್ತದೆ. ಕಡ್ಡಿ ಜೋಡಿಸುವುದು ಯಾರಿಗೂ ಬರುತ್ತದೆ. ಪಿನ್ ಗೆಲ್ಲುವುದೂ ಸೋಲುವುದೂ ಸಂದಿ ತುಂಬುವ ಪದಾರ್ಥದಲ್ಲಿ. ಹಾಗಾಗಿ ಒಂದೇ ಅಳತೆಯ ಕೊಳವೆ, ಒಂದೇ ಜೋಡಣೆ ಇಟ್ಟುಕೊಂಡು ತುಂಬುವುದನ್ನು ಮಾತ್ರ ಬದಲಿಸಿ ನೋಡಿದೆ.

ಮೊದಲು ಅಳತೆ. ಹೊರಗಿನಿಂದ 6 ಮಿ.ಮೀ., ಗೋಡೆ ಅರ್ಧ ಮಿ.ಮೀ. ಇರುವ ಕೊಳವೆಯೊಳಗೆ 5 ಮಿ.ಮೀ. ಜಾಗ ಸಿಗುತ್ತದೆ. ನಡುವೆ ಒಂದು, ಸುತ್ತ ಆರು ಕಡ್ಡಿ ಕೂರಬೇಕಾದರೆ ಒಳ ಅಗಲ ಕಡ್ಡಿಯ ದಪ್ಪದ ಮೂರರಷ್ಟಿರಬೇಕು. ಅಂದರೆ 1.6 ಮಿ.ಮೀ. ಕಡ್ಡಿ ಏಳು ಹಾಕಿದರೆ 4.8 ಆಗಿ, ಅಂಟು ಹರಿಯಲು ಚೂರು ಎಡೆಯೂ ಉಳಿಯುತ್ತದೆ. ಈ 1.6 ಅಳತೆಯ ನೇರವಾದ ಕಡ್ಡಿ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಟಿಗ್ ಫಿಲ್ಲರ್ ರಾಡ್ ಅಂತ ಸಿಗುತ್ತದೆ. ತಾಮ್ರ ಬೇಕೆಂದರೆ 16 ಗೇಜಿನ ತಂತಿ ಹೆಚ್ಚುಕಡಿಮೆ ಇದೇ ದಪ್ಪ. ಒಂದು ತುದಿಯನ್ನು ವೈಸ್‌ಗೆ ಕಚ್ಚಿಸಿ ಇನ್ನೊಂದನ್ನು ಇಕ್ಕಳದಲ್ಲಿ ಜಗ್ಗಿದರೆ ನೇರವಾಗುತ್ತದೆ. ಇನ್ನೂ ನವುರಾದ ಚಿತ್ತಾರ ಬೇಕಾದವರು ಇದೇ ಕೊಳವೆಗೆ 1 ಮಿ.ಮೀ. ಕಡ್ಡಿ ಹತ್ತೊಂಬತ್ತು ಕೂರಿಸಬಹುದು. ತಾಮ್ರ ಲೇಪಿಸಿದ ಟಿಗ್ ರಾಡ್ ನೋಡಿ ತಾಮ್ರ ಅಂದುಕೊಳ್ಳಬೇಡಿ. ಕೊಯ್ದ ಮುಖದಲ್ಲಿ ಕಾಣುವುದು ಕಬ್ಬಿಣ, ಅಡುಗೆಮನೆಯ ಚಾಕುವಿನಲ್ಲಿ ಅದು ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ರಾಡನ್ನೇ ಕೇಳಿ ತನ್ನಿ.

ಸೂಪರ್ ಗ್ಲೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳು ದ್ರವ ಸಂದಿಯೊಳಗೆ ತಾನಾಗಿ ಏರುವುದನ್ನು ನೋಡಿದರೆ ಆಸೆಯಾಗುತ್ತದೆ. ಆದರೆ ಅದು ಗಟ್ಟಿಯಾಗುವುದು ಲೋಹದ ಮೈಮೇಲಿನ ತೇವದಿಂದ, ತೆಳು ಪದರವಾಗಿದ್ದಾಗ. ಕೊಳವೆಯ ತುದಿಗಳಲ್ಲಿ ಬೇಗ ಕಚ್ಚಿಕೊಂಡು ನಡುವೆ ದಿನಗಟ್ಟಲೆ ಹಸಿಯಾಗೇ ಇರುತ್ತದೆ. ಗರಗಸ ಹಾಕಿದಾಗ ನಡುಭಾಗದ ಕಡ್ಡಿಗಳು ಜಾರಿಕೊಂಡು ಬರುತ್ತವೆ. ಬಣ್ಣ ಬೆರೆಸಲೂ ಅದು ಒಗ್ಗುವುದಿಲ್ಲ.

ಎಪಾಕ್ಸಿ ಅಂದರೆ ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಅಂಟು. ಐದು ನಿಮಿಷದಲ್ಲಿ ಕಚ್ಚಿಕೊಳ್ಳುವ ಬಗೆ ಸೂಪರ್ ಗ್ಲೂಗಿಂತ ವಾಸಿ, ಆದರೆ ಅವಸರದ್ದು. ಎರಡು ಟ್ಯೂಬ್ ಕಲಸಿ, ಬಣ್ಣ ಸೇರಿಸಿ, ಕೊಳವೆಗೆ ಎಳೆಯುವ ಹೊತ್ತಿಗೆ ಅದು ಜೇನುತುಪ್ಪದ ಹದ ದಾಟಿ ಎಳೆ ಬಿಡಲು ಶುರು. ಕಲಸುವಾಗ ಸಿಕ್ಕಿಕೊಂಡ ಗಾಳಿಗೆ ಮೇಲೇರಿ ಹೋಗಲು ವೇಳೆಯೇ ಇಲ್ಲ. ಎರಡು ಇಂಚಿನ ತುಂಡಿಗೆ ನಡೆಯುತ್ತದೆ. ಅದಕ್ಕಿಂತ ಉದ್ದವಾದರೆ ಕೊಯ್ದ ಮುಖದಲ್ಲಿ ಸೂಜಿಮೊನೆಯಷ್ಟು ತೂತುಗಳು, ಪಾಲಿಶ್ ಮಾಡುವಾಗ ಅದರೊಳಗೆ ಕಪ್ಪು ಕೊಳೆ.

ನನ್ನ ಮಟ್ಟಿಗೆ ಮನೆಯಲ್ಲಿ ಮಾಡುವವರಿಗೆ ಸರಿಯಾದದ್ದು ನಿಧಾನವಾಗಿ, ಒಂದು ದಿನ ತೆಗೆದುಕೊಂಡು ಗಟ್ಟಿಯಾಗುವ ಎಪಾಕ್ಸಿ. ಕಡ್ಡಿಗಳನ್ನೂ ಕೊಳವೆಯ ಒಳಮೈಯನ್ನೂ ಮೊದಲು ಎಮರಿ ಪೇಪರಿನಿಂದ ಗೀಚಿ, ಅಸಿಟೋನ್‌ನಲ್ಲಿ ತೊಳೆದು ಒಣಗಿಸಿ. ಎಣ್ಣೆಯ ಪಸೆ ಇದ್ದರೆ ಯಾವ ಅಂಟೂ ಹಿಡಿಯದು. ಕಲಸಿದ ಎಪಾಕ್ಸಿಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಅದು ನೀರಾಗಿ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ. ಬಿಸಿ ಮಾಡಿದಷ್ಟೂ ಬೇಗ ಗಟ್ಟಿಯಾಗುತ್ತದೆ ಅನ್ನುವುದು ನೆನಪಿರಲಿ. ಆಮೇಲೆ ಕೊಳವೆಯ ಮೇಲ್ತುದಿಗೆ ಬಿಗಿಯಾದ ಸಿಲಿಕಾನ್ ಪೈಪ್, ಪೈಪಿಗೆ ಸಿರಿಂಜ್. ಕೆಳತುದಿಯನ್ನು ಎಪಾಕ್ಸಿಯಲ್ಲಿ ಅದ್ದಿ ಸಿರಿಂಜನ್ನು ಮೆಲ್ಲಗೆ ಎಳೆಯಬೇಕು. ಕೆಳಗಿನಿಂದ ಏರುವ ದ್ರವ ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಪೈಪಿನೊಳಗೆ ಮೊದಲು ನೊರೆ, ನಂತರ ತಿಳಿಯಾದ ಎಪಾಕ್ಸಿ ಕಾಣುತ್ತದೆ. ನೊರೆ ನಿಲ್ಲುವ ತನಕ ಎಳೆಯುತ್ತಿರಿ. ಸಿರಿಂಜ್ ಬಿಡುವ ಮುಂಚೆ ಕೆಳತುದಿಗೆ ಮಕ್ಕಳಾಡುವ ಕ್ಲೇ ಮೆತ್ತಿ, ನೆಟ್ಟಗೆ ನಿಲ್ಲಿಸಿ, ಮಾರನೆಯ ದಿನದವರೆಗೆ ಮುಟ್ಟಬೇಡಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆಗೆದಿರಲಿ.

ಇದರ ದೌರ್ಬಲ್ಯ ಒಂದೇ, ಶಾಖ. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿ ದಾಟಿದಂತೆ ಮೆತ್ತಗಾಗತೊಡಗುತ್ತದೆ. ಹಿತ್ತಾಳೆಯಂತೂ ಶಾಖವನ್ನು ಸರಸರನೆ ಒಳಗೆ ಒಯ್ಯುತ್ತದೆ. ಬೆಲ್ಟ್ ಗ್ರೈಂಡರಿಗೆ ಒತ್ತಿ ಹಿಡಿದರೆ ಚಿತ್ತಾರದ ಅಂಚು ಕಲೆಸಿಹೋಗುತ್ತದೆ. ಬೆರಳಿಗೆ ಬೆಚ್ಚಗೆ ತಟ್ಟಿದ ಕೂಡಲೇ ನಿಲ್ಲಿಸಿ. ಕೊನೆಯ ಹಂತವನ್ನು 400 ಗ್ರಿಟ್‌ನಿಂದ ಮೇಲಿನ ನೀರು ಪೇಪರಿನಲ್ಲಿ ಕೈಯಿಂದಲೇ ಮುಗಿಸುವುದು ಒಳ್ಳೆಯದು.

ಬೆಸುಗೆಗೆ ಈ ಭಯವಿಲ್ಲ. ಸೀಸವಿಲ್ಲದ ತವರ-ತಾಮ್ರದ ಬೆಸುಗೆ ಕರಗುವುದು 227 ಡಿಗ್ರಿಗೆ, ಗ್ರೈಂಡರಿನ ಕೆಳಗೂ ಗೆರೆ ಖಡಕ್ಕಾಗಿ ಉಳಿಯುತ್ತದೆ. ತರಕಾರಿ ಹೆಚ್ಚುವ ಚಾಕುವಿಗೆ ಸೀಸ ಬೆರೆತದ್ದನ್ನು ಖಂಡಿತ ಬಳಸಬೇಡಿ. ಆದರೆ ಸ್ಟೇನ್‌ಲೆಸ್ ಕಡ್ಡಿಗೆ ಬೆಸುಗೆ ಹಿಡಿಯಲು ಆಮ್ಲದ ಫ್ಲಕ್ಸ್ (ಲೋಹದ ಮೈ ಶುಚಿ ಮಾಡಿ ಬೆಸುಗೆ ಹರಿಯುವಂತೆ ಮಾಡುವ ಪದಾರ್ಥ) ಬೇಕು, ಒಳಗೆ ಸಿಕ್ಕಿದ ಫ್ಲಕ್ಸನ್ನು ತೊಳೆಯಲು ದಾರಿಯಿಲ್ಲ, ಅದು ನಿಧಾನವಾಗಿ ಲೋಹವನ್ನು ತಿನ್ನುತ್ತದೆ. ಹಾಗಾಗಿ ತಾಮ್ರ, ಹಿತ್ತಾಳೆ ಮಾತ್ರವಿರುವ ಗಿಡ್ಡ ತುಂಡಿಗೆ ಇದನ್ನು ಇಟ್ಟುಕೊಂಡಿದ್ದೇನೆ. ಹಳದಿ, ಕೆಂಪು, ನಡುವೆ ಬೆಳ್ಳಿಯಂಥ ಹೊಳಪು. ಬಣ್ಣ ಬೇಕೆಂದರೆ ಮತ್ತೆ ಎಪಾಕ್ಸಿಗೇ ಬರಬೇಕು.

ಬಣ್ಣಕ್ಕೆ ಜೆರಾಕ್ಸ್ ಟೋನರ್ ಪುಡಿಯಷ್ಟು ಚೆನ್ನಾದ ಕಪ್ಪು ಬೇರೆ ಕಾಣಲಿಲ್ಲ. ಚಿಟಿಕೆ ಸಾಕು. ಹಗುರ ಪುಡಿ, ಮಾಸ್ಕ್ ಇಲ್ಲದೆ ಮುಟ್ಟಬಾರದು. ಮೈಕಾ ಪುಡಿ ಬಟ್ಟಲಲ್ಲಿ ಮಿನುಗುತ್ತದೆ, ಇಷ್ಟು ಕಿರಿದಾದ ಸಂದಿಯಲ್ಲಿ ಆ ಮಿನುಗು ಕಾಣಿಸದು. ರಂಗೋಲಿ ಪುಡಿ ಬೇಡ. ಅದರ ಹರಳು ದಪ್ಪ, ಕಡ್ಡಿಗಳ ನಡುವೆ ಸಿಕ್ಕಿ ದಾರಿ ಕಟ್ಟುತ್ತದೆ.

ಹೊರಗಿನ ಕೊಳವೆ ಸ್ಟೇನ್‌ಲೆಸ್ ಆದರೆ ಮಂಕಾಗುವುದಿಲ್ಲ, ನಿಜ. ಆದರೆ ಉಜ್ಜುವಾಗ ಸುತ್ತಲಿನ ಮರ ಸವೆದು ಪಿನ್ ಉಬ್ಬಿಕೊಂಡು ನಿಲ್ಲುತ್ತದೆ. ಹಿತ್ತಾಳೆ ಮರದ ಜೊತೆ ಹೆಚ್ಚು ಸಮನಾಗಿ ಸವೆಯುತ್ತದೆ, ಮಂಕಾದರೆ ಮನೆಯಲ್ಲಿ ಹುಣಸೆಹಣ್ಣು ಇದ್ದೇ ಇದೆ. ಬೀಟೆ ಮರದ ಹಿಡಿಗೆ ಈ ಹಳದಿ ಉಂಗುರ ತುಂಬ ಒಪ್ಪುತ್ತದೆ. ತಿಳಿ ಬಣ್ಣದ ಮರವಾದರೆ ಲೋಹದ ಪುಡಿ ಎಳೆಗಳಿಗೆ ಇಳಿದು ಕಪ್ಪಾಗಿಸುತ್ತದೆ, ಉಜ್ಜುವಾಗ ಆಗಾಗ ಬ್ರಷ್ ಆಡಿಸುತ್ತಿರಬೇಕು.

ಕೊಯ್ಯಲು ಅಕ್ಕಸಾಲಿಗರ ತಂತಿ ಗರಗಸವೇ ಸರಿ. ಚಕ್ರವಿರುವ ಪೈಪ್ ಕಟರ್ ಕೊಳವೆಯ ಅಂಚನ್ನು ಒಳಕ್ಕೆ ಒತ್ತಿ ಹೂವಿನ ಆಕಾರ ಕೆಡಿಸುತ್ತದೆ. ಹಿಡಿಯ ದಪ್ಪಕ್ಕಿಂತ ಎರಡೂ ಕಡೆ ಒಂದೊಂದು ಮಿ.ಮೀ. ಹೆಚ್ಚಿಗೆ ಬಿಟ್ಟು ಕೊಯ್ದು, ಹಿಡಿಯ ತೂತಿಗೆ ಅಂಟಿಸಿ, ಅಂಟು ಗಟ್ಟಿಯಾದ ಮೇಲೆ ಸಮ ಮಾಡಿ. ಮಾಮೂಲಿ ರಿವೆಟ್ಟಿನಂತೆ ತಲೆಗೆ ಸುತ್ತಿಗೆ ಹಾಕಿದರೆ ಇದು ಒಳಗೇ ಬಿರಿಯುತ್ತದೆ. ಹಿಡಿಯನ್ನು ಬಿಗಿಹಿಡಿಯುವ ಕೆಲಸ ಅಂಟಿಗೂ ಎರಡು ತುದಿಯ ಗಟ್ಟಿ ಹಿತ್ತಾಳೆ ಕಡ್ಡಿಗಳಿಗೂ ಬಿಟ್ಟು, ಮೊಸಾಯಿಕ್ ಪಿನ್ನನ್ನು ನಡುವೆ ಹಾಕಿ.