ಸಿಂಗಾಪುರದ ಯೂನಿವರ್ಸಲ್ ಪ್ರವಾಸಕ್ಕೆ ‘ಎಕ್ಸ್‌ಪ್ರೆಸ್ ಪಾಸ್ ಸೇರಿ’ ಎನ್ನುವ ಏಜೆಂಟರಿಗೆ ಹಣ ಕೊಡುವ ಮುನ್ನ ಓದಿ

ದಸರಾ ರಜೆಗೋ ಬೇಸಿಗೆ ರಜೆಗೋ ಮಕ್ಕಳನ್ನು ಸಿಂಗಾಪುರದ ಮನರಂಜನಾ ಪಾರ್ಕಾದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಕರೆದೊಯ್ಯಬೇಕೆಂದು ಬೆಂಗಳೂರಿನ ಯಾವುದಾದರೂ ಟ್ರಾವೆಲ್ ಏಜೆನ್ಸಿಗೆ ಮುಂಗಡ ಕೊಡಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಿಜಯನಗರದ ಒಂದು ಏಜೆನ್ಸಿ ನಮ್ಮ ಕುಟುಂಬಕ್ಕೆ ಮಾಡಿದ್ದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಾಗಿದೆ, ಹೆಸರು ಹಾಕಿದರೆ ಮಾನನಷ್ಟದ ನೋಟಿಸು ಕಳುಹಿಸುವುದಾಗಿ ಆ ಮಹಾನುಭಾವರು ಈಗಾಗಲೇ ಹೆದರಿಸಿಯೂ ಆಗಿದೆ. ಆದರೆ ಇಂಥ ಕಚೇರಿಗಳು ಊರಿನಲ್ಲಿ ಒಂದೇ ಇಲ್ಲ, ಮಾತಿನ ಧಾಟಿಯೂ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ.

ನಾವು ಹೊರಟವರು ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳು ಮತ್ತು ನಮ್ಮ ಅತ್ತೆ. ಅತ್ತೆಯವರಿಗೆ ಮಂಡಿನೋವು. ಹತ್ತು ನಿಮಿಷ ಒಂದೇ ಕಡೆ ನಿಂತರೆ ಕಾಲು ಊದಿಕೊಳ್ಳುತ್ತದೆ. ಆದ್ದರಿಂದ ಮೊದಲ ದಿನವೇ ನಾನು ಏಜೆಂಟರಿಗೆ ಹೇಳಿದ್ದು ಒಂದೇ ಮಾತು: ಹೋಟೆಲ್ ಸಾಧಾರಣವಾಗಿದ್ದರೂ ಪರವಾಗಿಲ್ಲ, ವಿಮಾನ ನಡುರಾತ್ರಿಯದ್ದಾದರೂ ಪರವಾಗಿಲ್ಲ, ಪಾರ್ಕಿನಲ್ಲಿ ಮಾತ್ರ ಎಲ್ಲರಿಗೂ, ಉದ್ದ ಸಾಲಿನಲ್ಲಿ ಕಾಯಿಸದೆ ಬೇರೆ ಸಾಲಿನಲ್ಲಿ ಬೇಗ ಬಿಡುವ ಎಕ್ಸ್‌ಪ್ರೆಸ್ ಪಾಸ್ ಬೇಕು. ನಮ್ಮ ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಂಡವರಿಗೆ ಇದರ ಲೆಕ್ಕ ಗೊತ್ತಿರುತ್ತದೆ. ಸಿಂಗಾಪುರದಲ್ಲಿಯೂ ಹಾಗೆಯೇ, ಪ್ರವೇಶದ ಟಿಕೆಟ್ ಬೇರೆ, ಎಕ್ಸ್‌ಪ್ರೆಸ್ ಪಾಸ್ ಬೇರೆ. ಸಾಮಾನ್ಯ ಪಾಸಿನಲ್ಲಿ ಪಟ್ಟಿಯಲ್ಲಿರುವ ಪ್ರತಿ ಸವಾರಿಗೂ ಒಂದು ಸಲ ಬೇಗನೆ ಬಿಡುತ್ತಾರೆ, ಅನ್‌ಲಿಮಿಟೆಡ್ ಪಾಸಿನಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು, ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಇದನ್ನೆಲ್ಲ ಏಜೆಂಟರ ಎದುರಿಗೇ ವಿವರವಾಗಿ ಮಾತಾಡಿ, ತಲೆಗೆ ₹7,500ರಂತೆ ಐದು ಜನಕ್ಕೆ ₹37,500 ಬರೀ ಎಕ್ಸ್‌ಪ್ರೆಸ್ಸಿಗೆಂದೇ ಪ್ರತ್ಯೇಕವಾಗಿ ಕೊಟ್ಟೆವು. ‘ಎಕ್ಸ್‌ಪ್ರೆಸ್ ಪಾಸ್ ಸೇರಿದೆ’ ಎಂದು ಅವರೇ ವಾಟ್ಸಾಪಿನಲ್ಲಿ ಬರೆದು ಕಳುಹಿಸಿದರು. ಆ ಸಂದೇಶ ನನ್ನ ಫೋನಿನಲ್ಲಿ ಇವತ್ತಿಗೂ ಇದೆ.

ವೋಚರ್ ಯಾವಾಗ ಕೊಡುತ್ತೀರಿ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: “ಬರುತ್ತೆ ಮೇಡಂ, ಟೆನ್ಷನ್ ತಗೋಬೇಡಿ. ನಾವೂ ಕನ್ನಡದವ್ರೇ, ನಮ್ಮವ್ರಿಗೆ ಮೋಸ ಮಾಡ್ತೀವಾ?” ಈ ‘ನಮ್ಮವರು’ ಎಂಬ ಮಾತು ಕೇಳಿದ ಕೂಡಲೇ ಇನ್ನು ಮುಂದೆ ನಾನು ಪರ್ಸನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವಳು.

ವೋಚರ್ ಬಂದದ್ದು ಪಾರ್ಕಿಗೆ ಹೋಗುವ ಹಿಂದಿನ ರಾತ್ರಿ, ನಾವು ಸಿಂಗಾಪುರದ ಹೋಟೆಲಿನಲ್ಲಿ ಮಲಗಿದ ಮೇಲೆ. ಐದು ಕ್ಯೂಆರ್ ಕೋಡ್‌ಗಳಿದ್ದ ಪಿಡಿಎಫ್, ಮೇಲೆ ಏಜೆನ್ಸಿಯ ಲೋಗೋ, ಲೋಗೋದ ಕೆಳಗೆ ದಪ್ಪಕ್ಷರದಲ್ಲಿ ‘ಎಕ್ಸ್‌ಪ್ರೆಸ್’. ಆ ಅಕ್ಷರಗಳನ್ನು ಪಾರ್ಕಿನವರು ಹಾಕಿದ್ದಲ್ಲ, ವಿಜಯನಗರದ ಕಂಪ್ಯೂಟರಿನಲ್ಲಿ ಯಾರೋ ಟೈಪ್ ಮಾಡಿ ಅಂಟಿಸಿದ್ದು ಎನ್ನುವುದು ಮರುದಿನ ಗೊತ್ತಾಯಿತು.

ಬೆಳಿಗ್ಗೆ ವೀವೋಸಿಟಿ ಎಂಬ ಮಾಲ್‌ನಿಂದ, ಪಾರ್ಕಿರುವ ಸೆಂಟೋಸಾ ದ್ವೀಪಕ್ಕೆ ಹೋಗುವ ಸೆಂಟೋಸಾ ಎಕ್ಸ್‌ಪ್ರೆಸ್ ಮಾನೋರೈಲು ಹತ್ತಿ ಪಾರ್ಕು ತೆರೆಯುವ ಹೊತ್ತಿಗೇ ಬಾಗಿಲಲ್ಲಿದ್ದೆವು. ಪ್ರವೇಶಕ್ಕೆ ಏನೂ ತೊಂದರೆಯಾಗಲಿಲ್ಲ, ಕೋಡ್ ತೋರಿಸಿದೆವು, ಒಳಗೆ ಬಿಟ್ಟರು. ಮಕ್ಕಳು ಕುಣಿದುಕೊಂಡು ಸೈ-ಫೈ ಸಿಟಿ ಎಂಬ ವಲಯಕ್ಕೆ ಎಳೆದುಕೊಂಡು ಹೋದರು. ಅಲ್ಲಿನ ದೊಡ್ಡ ಸವಾರಿಯ ಬಾಗಿಲಲ್ಲಿ ಎರಡು ಸಾಲುಗಳು: ಒಂದು ಹನುಮಂತನ ಬಾಲದ ಹಾಗೆ ಹೊರಗಿನವರೆಗೂ ಬೆಳೆದಿತ್ತು, ಫಲಕದಲ್ಲಿ ಕಾಯುವ ಸಮಯ 75 ನಿಮಿಷ ಎಂದಿತ್ತು, ಇನ್ನೊಂದು ಎಕ್ಸ್‌ಪ್ರೆಸ್ ಸಾಲು, ಬಹುತೇಕ ಖಾಲಿ. ನಾವು ಎದೆಯುಬ್ಬಿಸಿಕೊಂಡು ಖಾಲಿ ಸಾಲಿಗೆ ಹೋದೆವು. ಅಲ್ಲಿ ನಿಂತಿದ್ದ ಹುಡುಗಿ ಯಜಮಾನರ ಫೋನಿನ ಕೋಡನ್ನು ಕೈಯಲ್ಲಿದ್ದ ಯಂತ್ರದಿಂದ ಓದಿಸಿದಳು. ಯಂತ್ರ ಕೆಂಪಾಯಿತು. ಮತ್ತೆ ಓದಿಸಿದಳು, ಮತ್ತೆ ಕೆಂಪು. ನನ್ನ ಫೋನು ಕೊಟ್ಟೆ, ಪರದೆಯ ಬೆಳಕು ಹೆಚ್ಚಿಸಿ ಕೊಟ್ಟೆ, ಅದೂ ಕೆಂಪು. ನಮ್ಮ ಇಂಗ್ಲಿಷ್ ಅವಳಿಗೆ, ಅವಳ ಇಂಗ್ಲಿಷ್ ನಮಗೆ ಸರಿಯಾಗಿ ಹತ್ತದೆ ಒದ್ದಾಡುತ್ತಿರುವಾಗ ಅವಳ ಎದೆಯ ಮೇಲಿದ್ದ ಹೆಸರಿನ ಪಟ್ಟಿ ಓದಿದ ನಮ್ಮ ಅತ್ತೆ, ತಮಿಳರು ಹೆಚ್ಚಿರುವ ಬೆಂಗಳೂರಿನ ಶ್ರೀರಾಂಪುರದಲ್ಲಿ ಬೆಳೆದವರು, ನೇರವಾಗಿ ತಮಿಳಿನಲ್ಲಿ ಕೇಳಿಯೇಬಿಟ್ಟರು. ಆ ಹುಡುಗಿ ಅಷ್ಟೇ ಮೃದುವಾಗಿ, “ಇದುಲ ಎಕ್ಸ್‌ಪ್ರೆಸ್ ಇಲ್ಲೈ ಅಮ್ಮಾ” ಎಂದು ಯಂತ್ರವನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ಅದರಲ್ಲಿ ಇದ್ದದ್ದು ಬರೀ ಒಂದು ದಿನದ ಪ್ರವೇಶದ ಟಿಕೆಟ್. ಐದಕ್ಕೆ ಐದೂ ಅಷ್ಟೇ.

ಪಂಕ್ತಿಯಲ್ಲಿ ಎಲೆಯ ಮುಂದೆ ಕೂರಿಸಿ, ಬಡಿಸುವ ಹೊತ್ತಿಗೆ ಎಬ್ಬಿಸಿ ಕಳುಹಿಸಿದ ಹಾಗಾಯಿತು. ಹಿಂದೆ ಬಂದು ನಿಂತವರು ನಮ್ಮನ್ನು ನೋಡುತ್ತಿದ್ದರು. ಮಗಳು “ಅಮ್ಮಾ, ನಮ್ಮನ್ನ ಯಾಕೆ ಬಿಡ್ತಿಲ್ಲ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಆ ಹುಡುಗಿಯದಾಗಲೀ ಪಾರ್ಕಿನವರದಾಗಲೀ ಏನೂ ತಪ್ಪಿಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತೇನೆ, ಅವಳು ಅತ್ತೆಯವರಿಗೆ ಕೂರಲು ಜಾಗ ತೋರಿಸಿ, ಗಾಲಿಕುರ್ಚಿ ಬಾಡಿಗೆಗೆ ಎಲ್ಲಿ ಸಿಗುತ್ತದೆ ಎಂದೂ ಹೇಳಿ ಕಳುಹಿಸಿದಳು. ಅಲ್ಲಿಯೇ ಪಾಸ್ ಕೊಳ್ಳೋಣವೆಂದು ಹೋದರೆ ಆ ದಿನದ ಎಕ್ಸ್‌ಪ್ರೆಸ್ ಪಾಸುಗಳು ಖಾಲಿಯಾಗಿದ್ದವು. ಹಣ ಕೊಡುತ್ತೇವೆಂದರೂ ಇಲ್ಲ.

ಇನ್ನು ಏಜೆಂಟರಿಗೆ ಫೋನು. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಹನ್ನೊಂದು ಗಂಟೆ ಎಂದರೆ ಇಲ್ಲಿ ಎಂಟೂವರೆ. ‘ಇಪ್ಪತ್ನಾಲ್ಕು ಗಂಟೆ ಸಹಾಯವಾಣಿ’ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವರು ಅಷ್ಟು ಹೊತ್ತಿಗೆ ಎದ್ದೇ ಇರಲಿಲ್ಲವೋ ಏನೋ, ಫೋನು ಎತ್ತಿದ್ದು ನಮ್ಮ ಮಧ್ಯಾಹ್ನಕ್ಕೆ. ಅಲ್ಲಿಂದ ಶುರುವಾದ ಉತ್ತರಗಳನ್ನು ನೀವೇ ಓದಿ. ಮೊದಲನೆಯದು: “ಗೇಟಲ್ಲಿರೋ ಸ್ಟಾಫ್‌ಗೆ ಗೊತ್ತಿರಲ್ಲ ಮೇಡಂ, ಇನ್ನೊಂದ್ ಗೇಟ್‌ಗೆ ಹೋಗಿ ತೋರ್ಸಿ.” ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಇನ್ನೊಂದು ಸವಾರಿಗೂ ಹೋಗಿ ತೋರಿಸಿದೆವು, ಅಲ್ಲಿಯೂ ಕೆಂಪು. ಎರಡನೆಯದು: “ಇವತ್ತು ರಶ್ ಇದೆಯಲ್ಲ, ಅದಕ್ಕೆ ಅವ್ರು ಎಕ್ಸ್‌ಪ್ರೆಸ್ ನಿಲ್ಲಿಸಿರ್ತಾರೆ.” ನಮ್ಮ ಕಣ್ಣೆದುರಿಗೇ ಜನ ಆ ಸಾಲಿನಲ್ಲಿ ಹೋಗುತ್ತಿದ್ದರು! ಮೂರನೆಯದು ಧ್ವನಿ ಸಂದೇಶ: ನಮ್ಮ ಸಪ್ಲೈಯರ್ ಕಡೆಯಿಂದ ತಪ್ಪಾಗಿದೆ, ಹಣ ವಾಪಸ್ಸು ಮಾಡಿಸುತ್ತೇವೆ ಎಂದು. ಆ ಸಂದೇಶವನ್ನು ಸಂಜೆಯೊಳಗೆ ಅವರೇ ಅಳಿಸಿದರು, ಯಜಮಾನರು ಅಷ್ಟರಲ್ಲಿ ಅದನ್ನು ತಮ್ಮ ತಮ್ಮನಿಗೆ ಫಾರ್ವರ್ಡ್ ಮಾಡಿದ್ದರಿಂದ ಉಳಿದುಕೊಂಡಿತು.

ಇಷ್ಟಕ್ಕೇ ಮುಗಿಯಲಿಲ್ಲ. ಪಾರ್ಕು ರಾತ್ರಿಯವರೆಗೂ ತೆರೆದಿರುತ್ತದೆ, ಸಂಜೆ ಜನ ಕರಗಿದ ಮೇಲೆ ಉಳಿದ ಸವಾರಿಗಳನ್ನು ಆರಾಮವಾಗಿ ಮುಗಿಸಬಹುದು ಎಂದು ಇದೇ ಏಜೆಂಟರು ವಿವರಿಸಿದ್ದರು. ನಾವೂ ಅದೇ ಧೈರ್ಯದಲ್ಲಿದ್ದೆವು. ಸಂಜೆಗೇ ಪ್ರಕಟಣೆ ಬಂತು, ಪಾರ್ಕು ಮುಚ್ಚುತ್ತಿದೆ, ಹಗಲಿನ ಟಿಕೆಟ್ಟಿನವರು ಹೊರಡಬೇಕು. ವಿಷಯವೇನೆಂದರೆ, ಅಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ ಆಯ್ದ ರಾತ್ರಿಗಳಲ್ಲಿ ಹ್ಯಾಲೋವೀನ್ ಹಾರರ್ ನೈಟ್ಸ್ ಎಂಬ ದೆವ್ವದ ಉತ್ಸವ ನಡೆಯುತ್ತದೆ, ಅದಕ್ಕೆ ಬೇರೆಯದೇ ಟಿಕೆಟ್, ಆ ದಿನಗಳಲ್ಲಿ ಪಾರ್ಕನ್ನು ಹಗಲಿನವರಿಗೆ ಬೇಗ ಮುಚ್ಚುತ್ತಾರೆ. ನಮ್ಮ ದಸರಾ ರಜೆ ಹೆಚ್ಚಾಗಿ ಆ ಅವಧಿಯ ಆಸುಪಾಸಿನಲ್ಲೇ ಬರುವುದರಿಂದ ಬೆಂಗಳೂರಿನವರಿಗೆ ಇದು ಬಹಳ ಮುಖ್ಯ. ಆ ದಿನಾಂಕಗಳನ್ನು ಪಾರ್ಕಿನವರು ಮೊದಲೇ ಪ್ರಕಟಿಸಿರುತ್ತಾರೆ. ಒಂದು ದಿನ ಹಿಂದೆ ಮುಂದೆ ಬುಕ್ ಮಾಡಿದ್ದರೆ ಆಗುತ್ತಿತ್ತು. ಕೇಳಿದರೆ, “ಅದು ಪಾರ್ಕ್‌ನವ್ರ ಡಿಸಿಷನ್ ಮೇಡಂ, ನಾವೇನು ಮಾಡೋಕಾಗುತ್ತೆ?” ಹಾಗಾದರೆ ನಾವು ಇವರಿಗೆ ಹಣ ಕೊಟ್ಟದ್ದು ಯಾವುದಕ್ಕೆ?

ಮಗನ ಎತ್ತರದ ವಿಷಯದಲ್ಲೂ ಇದೇ ಕಥೆ. “ಎಂಟು ವರ್ಷ ಆಗಿದೆಯಲ್ಲ, ಎಲ್ಲಾ ರೈಡೂ ಬಿಡ್ತಾರೆ” ಎಂದಿದ್ದರು. ಸವಾರಿಗೆ ಬಿಡುವುದು ವಯಸ್ಸು ನೋಡಿಯಲ್ಲ, ಎತ್ತರ ಅಳೆದು. ‘ಮಮ್ಮಿ’ ಎಂಬ ರೋಲರ್ ಕೋಸ್ಟರಿಗೆ 122 ಸೆಂಟಿಮೀಟರ್, ಇನ್ನೊಂದು ರೋಲರ್ ಕೋಸ್ಟರಾದ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಕ್ಕೆ 125 ಬೇಕು. ನನ್ನ ಮಗ 119. ಅಳತೆಯ ಕಂಬದ ಕೆಳಗೆ ಹಿಮ್ಮಡಿ ಎತ್ತಿ ನಿಂತ ಅವನ ಮುಖ ನೆನೆದರೆ ಈಗಲೂ ಆ ಏಜೆಂಟರ ಮೇಲೆ ರಕ್ತ ಕುದಿಯುತ್ತದೆ. ಅವರು ಕೊಟ್ಟ ಬಣ್ಣದ ಕರಪತ್ರದಲ್ಲಿ ಮಡಗಾಸ್ಕರ್ ವಲಯದ ದೋಣಿ ಸವಾರಿಯ ಚಿತ್ರವಿತ್ತು, ಮಗಳು ಅದಕ್ಕಾಗಿಯೇ ಕಾದಿದ್ದಳು. ಆ ವಲಯವನ್ನು 2022ರಲ್ಲೇ ಮುಚ್ಚಿ, ಆ ಜಾಗದಲ್ಲಿ ಮಿನಿಯನ್ ಲ್ಯಾಂಡ್ ಕಟ್ಟಿ 2025ರ ಫೆಬ್ರವರಿಯಲ್ಲಿ ತೆರೆದಿದ್ದಾರೆ. ಇವರು ಹಳೆಯ ಕರಪತ್ರವನ್ನೇ ಹಂಚುತ್ತಿದ್ದಾರೆ.

ಊರಿಗೆ ಬಂದ ಮೇಲೆ ಲೆಕ್ಕ ತೆಗೆದಾಗ ಇನ್ನೂ ಕಂಡಿತು. ‘ಸಿಂಗಾಪುರ ಅರೈವಲ್ ಕಾರ್ಡ್’ ಎಂದು ತಲೆಗೆ ₹800 ಹಾಕಿದ್ದರು. ಆ ಕಾರ್ಡನ್ನು ಸಿಂಗಾಪುರದ ವಲಸೆ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ತುಂಬಬಹುದು, ತಲುಪುವ ಮುಂಚಿನ ಮೂರು ದಿನಗಳೊಳಗೆ ಯಾರು ಬೇಕಾದರೂ ಮನೆಯಲ್ಲೇ ಕುಳಿತು ತುಂಬುವಂಥದ್ದು. ವೀಸಾ ಹಾಗಲ್ಲ, ಅದಕ್ಕೆ ಸಾಮಾನ್ಯವಾಗಿ ಅಧಿಕೃತ ಏಜೆಂಟರ ಮೂಲಕ ಹೋಗಬೇಕಾಗುತ್ತದೆ, ಶುಲ್ಕವೂ ಇದೆ. ಇವರು ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಗೊಂದಲ ಮಾಡಿದ್ದರು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಟಿಸಿಎಸ್. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆನ್ಸಿಯವರು ನಮ್ಮಿಂದ ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟುವ ತೆರಿಗೆ ಅದು, ನಮ್ಮ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ಫಾರ್ಮ್ 26ಎಎಸ್‌ನಲ್ಲಿ ಕಾಣಬೇಕು, ರಿಟರ್ನ್ಸ್ ಸಲ್ಲಿಸುವಾಗ ನಮಗೆ ಲೆಕ್ಕಕ್ಕೆ ಸಿಗಬೇಕು. ಇವರು ಪ್ಯಾನ್ ತೆಗೆದುಕೊಂಡರು, ಹಣವನ್ನೂ ತೆಗೆದುಕೊಂಡರು. ತಿಂಗಳುಗಳು ಕಳೆದ ಮೇಲೂ 26ಎಎಸ್‌ನಲ್ಲಿ ಒಂದು ಸಾಲೂ ಇಲ್ಲ. ವಿಚಾರಿಸಿದಾಗ ಬಂದ ಉತ್ತರ: “ಅದನ್ನ ಸರ್ವೀಸ್ ಚಾರ್ಜ್ ಅಂದ್ಕೊಳ್ಳಿ ಮೇಡಂ.” ಸರ್ಕಾರದ ತೆರಿಗೆಯ ಹೆಸರಿನಲ್ಲಿ ಹಣ ಪಡೆದು ಸರ್ವೀಸ್ ಚಾರ್ಜ್ ಅಂದುಕೊಳ್ಳಬೇಕಂತೆ!

ಕಚೇರಿಗೇ ಹೋಗಿ ಎದುರಿಗೆ ಕುಳಿತು ಕೇಳಿದೆವು. ಮೊದಲು ಕಾಫಿ ತರಿಸಿದರು. ನಂತರ ಬಿಲ್ಲಿನ ಹಿಂಬದಿಯಲ್ಲಿದ್ದ ಸಣ್ಣ ಅಕ್ಷರಗಳ ಷರತ್ತುಗಳಿಗೆ ಹೈಲೈಟರ್ ಹಾಕಿ ತೋರಿಸಿದರು: ಎಕ್ಸ್‌ಪ್ರೆಸ್ ಲಭ್ಯತೆಗೆ ಒಳಪಟ್ಟಿರುತ್ತದೆ. ಲಭ್ಯವಿಲ್ಲದಿದ್ದರೆ ಹಣ ಏಕೆ ಇಟ್ಟುಕೊಂಡಿರಿ ಎಂದರೆ ಅದಕ್ಕೆ ಉತ್ತರವಿಲ್ಲ, “ಮುಂದಿನ ಸಲ ದುಬೈಗೆ ಹೋಗೋವಾಗ ಅಡ್ಜಸ್ಟ್ ಮಾಡೋಣ” ಎಂದರು. ಇವರ ಜೊತೆ ದುಬೈಗಂತೆ! ಇವರ ಜೊತೆ ಕೆಂಗೇರಿಗೂ ಹೋಗುವುದಿಲ್ಲ. ನಾನು ಗೂಗಲ್ಲಿನಲ್ಲಿ ಒಂದು ನಕ್ಷತ್ರ ಕೊಟ್ಟು ನಡೆದದ್ದನ್ನು ಬರೆದ ಮರುದಿನವೇ, ಅಷ್ಟು ದಿನ ಫೋನು ಎತ್ತದವರು ತಾವಾಗಿಯೇ ಫೋನು ಮಾಡಿ, ರಿವ್ಯೂ ತೆಗೆದರೆ ಅರ್ಧ ಹಣ ಕೊಡುತ್ತೇವೆ ಎಂದರು. ಒಪ್ಪದಿದ್ದಾಗ ಬಂದದ್ದೇ ಮಾನನಷ್ಟದ ಮಾತು. ನನ್ನದೇ ಹಣವನ್ನು ನನಗೆ ಅರ್ಧ ಕೊಡಲು ಇಷ್ಟು ಔದಾರ್ಯ.

ಹೋಗುವವರು ಹೋಗಿ, ಪಾರ್ಕು ಚೆನ್ನಾಗಿದೆ. ಆದರೆ ಪಾರ್ಕಿನ ಟಿಕೆಟ್ಟನ್ನೂ ಎಕ್ಸ್‌ಪ್ರೆಸ್ಸನ್ನೂ ಪಾರ್ಕಿನವರದೇ ಜಾಲತಾಣದಲ್ಲಿ ನಿಮ್ಮ ಕಾರ್ಡಿನಿಂದ ನೀವೇ ಕೊಳ್ಳಿ, ಏಜೆಂಟರಿಗೆ ವಿಮಾನ, ಹೋಟೆಲ್, ವೀಸಾ ಬಿಟ್ಟರೆ ಬೇರೇನನ್ನೂ ಒಪ್ಪಿಸಬೇಡಿ. ಟಿಕೆಟ್ ದಿನಾಂಕಕ್ಕೆ ಕಟ್ಟುಬಿದ್ದದ್ದು, ಆದ್ದರಿಂದ ಕೊಳ್ಳುವ ಮೊದಲು ಆ ದಿನ ಎಷ್ಟು ಗಂಟೆಗೆ ಮುಚ್ಚುತ್ತಾರೆ, ದುರಸ್ತಿಗೆಂದು ಯಾವ ಸವಾರಿ ನಿಂತಿದೆ ಎಂದು ಅಲ್ಲಿಯೇ ನೋಡಿಕೊಳ್ಳಿ. ಮಕ್ಕಳನ್ನು ಚಪ್ಪಲಿ ಬಿಡಿಸಿ ಗೋಡೆಗೆ ನಿಲ್ಲಿಸಿ ಅಳೆಯಿರಿ. ಏಜೆಂಟರೇ ಕೊಡಿಸಬೇಕೆಂದಿದ್ದರೆ ಪಾರ್ಕಿನಿಂದ ಬಂದ ಮೂಲ ಇಮೇಲ್ ಕೇಳಿ, ಏಜೆನ್ಸಿಯ ಲೋಗೋ ಹಾಕಿದ ಪಿಡಿಎಫ್ ಯಾವ ಕೆಲಸಕ್ಕೂ ಬಾರದು. ಮಾಲೀಕರ ಸ್ವಂತ ಯುಪಿಐಗೆ ಹಣ ಹಾಕಿ ಎಂದರೆ ಎದ್ದು ಬನ್ನಿ.

ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ದೂರು ಕೊಡಿ. ಅದರಿಂದ ಆಗದಿದ್ದರೆ ಇ-ಜಾಗೃತಿ ಪೋರ್ಟಲ್ಲಿನ ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಕಡೆಯೇ ದೂರು ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ನಮ್ಮ ದೂರಿಗೆ ಏಜೆನ್ಸಿಯವರು ಕೊಟ್ಟಿರುವ ಲಿಖಿತ ಉತ್ತರದಲ್ಲಿ, ಗ್ರಾಹಕರು ಎಕ್ಸ್‌ಪ್ರೆಸ್ ಪಾಸನ್ನು ಕೇಳಿಯೇ ಇರಲಿಲ್ಲ ಎಂದು ಬರೆದಿದ್ದಾರೆ. ಅವರದೇ ವಾಟ್ಸಾಪ್ ಸಂದೇಶದ ಪ್ರತಿಯನ್ನು ಮೊನ್ನೆ ಲಗತ್ತಿಸಿ ಕಳುಹಿಸಿದ್ದೇನೆ.