ಕೆಟ್ಟಾಗ ಯಾವ ಡ್ರೈವರ್ ಬೇಗ ಬಾಯಿಬಿಡುತ್ತದೆ?

ಡೇಟಾಬೇಸ್ ಡ್ರೈವರ್ (ಆ್ಯಪ್ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಲೈಬ್ರರಿ) ಅಂದರೆ ಎಲ್ಲರೂ ವೇಗ ಅಳೆಯುತ್ತಾರೆ. ಕೆಟ್ಟಾಗ ತಪ್ಪು ಎಲ್ಲಿದೆ ಅಂತ ಯಾವುದು ಬೇಗ ಹೇಳುತ್ತದೆ ಅನ್ನುವುದು ನನಗೆ ಮುಖ್ಯ. ಹಾಗಾಗಿ ಒಂದೇ ಪೈಥಾನ್ ಆ್ಯಪ್‌ಗೆ ಸೈಕಾಪಿಜಿ 2, ಸೈಕಾಪಿಜಿ 3, ಎಸಿಂಕ್‌ಪಿಜಿ ಮೂರನ್ನೂ ಹಾಕಿ ನೋಡಿದೆ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ನಡುವೆ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಪಿಜಿಬೌನ್ಸರ್, ಅಂದರೆ ಕೆಲವೇ ಸರ್ವರ್ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪೂಲರ್.

ತಕರಾರು ಶುರುವಾಗುವುದು ನಡುವೆ ಇರುವ ಈ ಬೌನ್ಸರ್‌ನಿಂದ. ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಅದು ಸರ್ವರ್ ಕನೆಕ್ಷನ್ ಅನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ನಾವು ಮಾಡಿಟ್ಟ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಸರ್ವರ್‌ನಲ್ಲಿ ಮೊದಲೇ ಸಿದ್ಧಮಾಡಿಟ್ಟ ಕ್ವೆರಿ) ಮಾತ್ರ ಹಳೇ ಕನೆಕ್ಷನ್‌ನಲ್ಲೇ ಉಳಿಯುತ್ತದೆ.

ಸೈಕಾಪಿಜಿ 2ಕ್ಕೆ ಇದರ ಗೊಡವೆಯೇ ಇಲ್ಲ. ಅದು ಮೌಲ್ಯಗಳನ್ನು ತಾನೇ ಕ್ವೆರಿಯೊಳಗೆ ತುಂಬಿಸಿ ಕಳಿಸುತ್ತದೆ. ಅದರ ಮಾಗ್ರಿಫೈ (mogrify) ಫಂಕ್ಷನ್ ಕರೆದರೆ ಸರ್ವರ್‌ಗೆ ಹೋಗುವ ಸಾಲು ಹಾಗೇ ಕಾಣುತ್ತದೆ. ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಆದ ಪಿಎಸ್‌ಕ್ಯೂಎಲ್‌ನಲ್ಲಿ ಅಂಟಿಸಿ ನೋಡಿದರೆ ಆಯಿತು.

ಎಸಿಂಕ್‌ಪಿಜಿ ಬಲು ಕಟ್ಟುನಿಟ್ಟು. ಇಂಟಿಜರ್ ಕಾಲಮ್‌ಗೆ ಸ್ಟ್ರಿಂಗ್ ಕೊಟ್ಟರೆ ಕಳಿಸುವ ಮೊದಲೇ ಬೈಯುತ್ತದೆ. ಬೌನ್ಸರ್ ಜೊತೆಗೂ ಬೇಗನೇ ಕೆಡುತ್ತದೆ, ಆದರೆ ಎರರ್‌ನಲ್ಲೇ ಪಿಜಿಬೌನ್ಸರ್ ಹೆಸರು ಹೇಳಿ, ಸ್ಟೇಟ್‌ಮೆಂಟ್ ಕ್ಯಾಷ್ ಸೊನ್ನೆ ಮಾಡು ಅಂತ ಸುಳಿವೂ ಕೊಡುತ್ತದೆ. ಇಷ್ಟು ಉಪಕಾರ ಮಾಡುವ ಎರರ್ ಎಷ್ಟಿವೆ ಹೇಳಿ!

ನನ್ನನ್ನು ಜಾಸ್ತಿ ಕಾಡಿದ್ದು ಸೈಕಾಪಿಜಿ 3. ಒಂದು ಕನೆಕ್ಷನ್‌ನಲ್ಲಿ ಒಂದೇ ಕ್ವೆರಿ 5 ಸಲ ಓಡುವವರೆಗೂ ಅದು ಪ್ರಿಪೇರ್ ಮಾಡುವುದಿಲ್ಲ. ಟೆಸ್ಟ್‌ಗಳಲ್ಲಿ ಕ್ವೆರಿ ಒಂದೆರಡು ಸಲ ಓಡುತ್ತದೆ, ಅಷ್ಟೇ. ಎಲ್ಲ ಹಸಿರು. ನಿಜವಾದ ಲೋಡ್ ಬಂದಾಗ ಮಾತ್ರ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇಲ್ಲ' ಅನ್ನುತ್ತದೆ, ಅದೂ ಆಗೊಮ್ಮೆ ಈಗೊಮ್ಮೆ. ನೆಟ್‌ವರ್ಕ್ ಮೇಲೆ ಅನುಮಾನ ಬರುವುದು ಸಹಜ ಅಲ್ವಾ? ಇದಕ್ಕೊಂದು ಉಪಾಯವಿದೆ. ಟೆಸ್ಟ್‌ನಲ್ಲಿ ಪ್ರಿಪೇರ್ ಥ್ರೆಶೋಲ್ಡ್ (ಎಷ್ಟು ಸಲ ಓಡಿದ ಮೇಲೆ ಪ್ರಿಪೇರ್ ಮಾಡಬೇಕು ಅನ್ನುವ ಸೆಟ್ಟಿಂಗ್) 0 ಇಡಿ, ಬೌನ್ಸರ್ ಮೂಲಕವೇ ಕೆಲವು ಕನೆಕ್ಷನ್ ಒಟ್ಟಿಗೆ ಓಡಿಸಿ. ಮೊದಲ ಸಲವೇ ಪ್ರಿಪೇರ್ ಆಗುವುದರಿಂದ ಬಗ್ ಲ್ಯಾಪ್‌ಟಾಪ್‌ನಲ್ಲೇ ಸಿಗುತ್ತದೆ.

2023ರಲ್ಲಿ ಬಂದ ಪಿಜಿಬೌನ್ಸರ್ 1.21 ಈ ಸ್ಟೇಟ್‌ಮೆಂಟ್‌ಗಳ ಲೆಕ್ಕ ತಾನೇ ಇಡಬಲ್ಲದು. ಆದರೆ ಸೈಕಾಪಿಜಿ 3ಕ್ಕೆ ಅಷ್ಟು ಸಾಲದು. ಬೌನ್ಸರ್ 1.22, ಸೈಕಾಪಿಜಿ 3.2, ಪೋಸ್ಟ್‌ಗ್ರೆಸ್ 17ರ ಲಿಬ್‌ಪಿಕ್ಯೂ (ಸೈಕಾಪಿಜಿ ಒಳಗೆ ಬಳಸುವ ಲೈಬ್ರರಿ) ಮೂರೂ ಬೇಕು. ಅದಿಲ್ಲದ ಕಡೆ ಥ್ರೆಶೋಲ್ಡ್‌ಗೆ None ಕೊಟ್ಟು, ಪ್ರಿಪೇರ್ ಮಾಡುವುದನ್ನೇ ನಿಲ್ಲಿಸಿ ಸುಮ್ನೆ ಇರುವುದು ವಾಸಿ.

ಹಳೇ ಕೋಡ್ ಸೈಕಾಪಿಜಿ 2ರಲ್ಲಿ ಚೆನ್ನಾಗಿ ಓಡುತ್ತಿದ್ದರೆ ನಾನು ಮುಟ್ಟುವುದಿಲ್ಲ. ಪೂರ್ತಿ ಎಸಿಂಕ್ ಸರ್ವಿಸ್‌ಗೆ ಎಸಿಂಕ್‌ಪಿಜಿ. ಉಳಿದ ಹೊಸ ಕೆಲಸಕ್ಕೆಲ್ಲ, ಇಷ್ಟು ಕಾಡಿಸಿದರೂ, ಸೈಕಾಪಿಜಿ 3ನ್ನೇ ಇಟ್ಟುಕೊಂಡಿದ್ದೇನೆ.