ಸಹಿ ಕೇಳುವ ಎಸ್ಸೆಮ್ಮೆಸ್ ಸರ್ವಿಸ್: ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ಒಂದು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡ್ತೇನೆ, ಕಂಪೆನಿ ಹೆಸರು ಹಾಕುದಿಲ್ಲ. ನಾಳೆ ಪುನಃ ಅವರದೇ ಸಪೋರ್ಟಿಗೆ ಫೋನ್ ಮಾಡ್ಬೇಕಾದವ ನಾನು. ಸ್ಟಾರ್ ಐದರಲ್ಲಿ ಮೂರೂವರೆ. ಆ ಒಂದೂವರೆ ಎಲ್ಲಿ ಹೋಯ್ತು ಅಂತ ಹೇಳ್ಲಿಕ್ಕೇ ಇಷ್ಟುದ್ದ ಬರೀತಾ ಇರುದು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಒಂದು ಅಡಿಕೆ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಕೊಟ್ಟಿದ್ದೇನೆ. ಕೃಷಿಕರು ಅಡಿಕೆ ತಂದು ತೂಕ ಆದ ಕೂಡ್ಲೆ ಅವರ ಮೊಬೈಲಿಗೆ ಒಂದು ಮೆಸೇಜ್ ಹೋಗ್ಬೇಕು, ಹೊಸ ಚಾಲಿ ಇಷ್ಟು ಕಿಲೋ, ಪಟೋರ ಇಷ್ಟು, ಕೋಕ ಇಷ್ಟು (ಇವೆಲ್ಲ ಅಡಿಕೆಯ ದರ್ಜೆಗಳು), ದರ ಇಷ್ಟು, ಅಷ್ಟೇ. ಮೊದಲು ಬಳಸ್ತಿದ್ದ ಸರ್ವಿಸಲ್ಲಿ ಯೂಸರ್‌ನೇಮು ಪಾಸ್‌ವರ್ಡು ಎರಡೂ ಯುಆರ್‌ಎಲ್‌ನಲ್ಲೇ ಹೋಗ್ತಿತ್ತು. ಒಂದು ದಿನ ಸರ್ವರ್ ಲಾಗ್ ತೆಗೆದು ನೋಡಿದ್ರೆ ಪ್ರತಿ ಸಾಲಲ್ಲೂ ಪಾಸ್‌ವರ್ಡ್ ಹಲ್ಲು ಕಿರಿದುಕೊಂಡು ಕೂತಿದೆ. ಅವತ್ತೇ ಬದಲಿಸ್ಬೇಕು ಅಂತ ತೀರ್ಮಾನ ಮಾಡಿದ್ದು.

ಈ ಹೊಸಬರದ್ದು ಸಹಿ ಹಾಕಿದ ರಿಕ್ವೆಸ್ಟ್. ಒಂದು ಕೀ, ಒಂದು ಸೀಕ್ರೆಟ್ ಕೊಡ್ತಾರೆ. ಕೀ ಯಾರಿಗೆ ಕಂಡ್ರೂ ತೊಂದರೆ ಇಲ್ಲ, ಸೀಕ್ರೆಟ್ ಮಾತ್ರ ನಮ್ಮ ಸರ್ವರ್ ಬಿಟ್ಟು ಹೊರಗೆ ಹೋಗುದೇ ಇಲ್ಲ. ಪೋಸ್ಟ್ ಅಂತ ಒಂದು ಸಾಲು, ಪಾತ್ ಒಂದು ಸಾಲು, ಟೈಮ್ ಒಂದು ಸಾಲು, ಒಮ್ಮೆ ಬಳಸಿ ಬಿಸಾಡುವ ನಾನ್ಸ್ ಒಂದು, ಬಾಡಿಯ (ಅಂದ್ರೆ ಕಳಿಸುವ ವಿಷಯದ) ಉದ್ದ, ಬಾಡಿಯ ಶಾ-256 ಹ್ಯಾಶ್ (ಅದರ ಬೆರಳಚ್ಚಿನ ಹಾಗೆ ಒಂದು ಲೆಕ್ಕ), ಇಷ್ಟನ್ನು ಒಂದರಡಿ ಒಂದು ಬರೆದು ಸೀಕ್ರೆಟ್ ಸೇರಿಸಿ ಎಚ್‌ಮ್ಯಾಕ್ (ಅದೇ ಸಹಿಯ ಲೆಕ್ಕ) ತೆಗೆದ್ರೆ 64 ಅಕ್ಷರದ ಹೆಕ್ಸ್ ಬರ್ತದೆ, ಅದನ್ನು ಹೆಡರಲ್ಲಿ ಇಟ್ಟು ಕಳಿಸುದು. ಆಚೆಯವರೂ ಅದೇ ಲೆಕ್ಕ ಮಾಡ್ತಾರೆ, ತಾಳೆ ಆದ್ರೆ ಒಳಗೆ, ಇಲ್ಲದಿದ್ರೆ 401, ಅಂದ್ರೆ ಗುರುತು ಸರಿ ಇಲ್ಲ, ಒಳಗೆ ಬಿಡುದಿಲ್ಲ ಅನ್ನುವ ಎರರ್. ವಿದ್ಯೆ ಹೊಸತೆಂತದೂ ಅಲ್ಲ, ಎಚ್‌ಮ್ಯಾಕ್ 1997ರಲ್ಲೇ ಆರ್‌ಎಫ್‌ಸಿ 2104 ಅನ್ನುವ ಇಂಟರ್ನೆಟ್ ದಾಖಲೆಯಾಗಿ ಬಂದದ್ದು. ಗೋಣಿಯ ಬಾಯಿ ಹೊಲಿದು ಅಂಗಡಿ ಮಾರ್ಕ್ ಹಾಕ್ತಾರಲ್ಲ, ಅದೇ ಸಂಗತಿ, ದಾರಿಯಲ್ಲಿ ಯಾರಾದ್ರೂ ಬಿಚ್ಚಿ ಎರಡು ಕಿಲೋ ತೆಗೆದ್ರೆ ಗೊತ್ತಾಗ್ತದೆ. ಒಳಗೆ ಎಂತ ಉಂಟು ಅಂತ ಮುಚ್ಚಿಡುವ ಕೆಲಸ ಸಹಿಯದ್ದಲ್ಲ, ಅದಕ್ಕೆ ಎಚ್‌ಟಿಟಿಪಿಎಸ್ ಬೇಕೇ ಬೇಕು.

ಇಂಗ್ಲಿಷ್ ಟೆಸ್ಟ್ ಮೆಸೇಜ್ ಒಂದೇ ಏಟಿಗೆ ಹೋಯ್ತು. ಖುಷಿಯಲ್ಲಿ ಧಣಿಗೆ ಫೋನ್ ಮಾಡಿ ನಾಳೆಯಿಂದ ಶುರು ಅಂತ ಹೇಳಿಯೂ ಆಯ್ತು. ಕನ್ನಡದಲ್ಲಿ ಕಳಿಸಿದೆ, 401. ಪುನಃ ಕಳಿಸಿದೆ, 401. ಉತ್ತರದಲ್ಲಿ ಇದ್ದದ್ದು ಎರಡೇ ಶಬ್ದ, 'ಇನ್‌ವ್ಯಾಲಿಡ್ ಸಿಗ್ನೇಚರ್'. ಯಾಕೆ ಇನ್‌ವ್ಯಾಲಿಡ್, ಟೈಮ್ ತಪ್ಪಾ, ಬಾಡಿ ತಪ್ಪಾ, ಸೀಕ್ರೆಟ್ ತಪ್ಪಾ, ಉಹೂಂ, ಎಂತದೂ ಇಲ್ಲ.

ರಾತ್ರಿ ಹನ್ನೊಂದರವರೆಗೆ ಕೂತು ಕಂಡುಹಿಡಿದದ್ದು ಇಷ್ಟು. ಪಿಎಚ್‌ಪಿಯಲ್ಲಿ (ನಮ್ಮ ಸರ್ವರ್ ಕೋಡಿನ ಭಾಷೆ) ಡಾಟಾವನ್ನು ಜೆಸನ್ ಅನ್ನುವ ಪಠ್ಯ ಮಾಡುವ ಜೆಸನ್ ಎನ್‌ಕೋಡ್ ಉಂಟಲ್ಲ, ಅದು ಸುಮ್ಮನೆ ಬಿಟ್ರೆ ಪ್ರತಿ ಕನ್ನಡ ಅಕ್ಷರವನ್ನು ಬ್ಯಾಕ್‌ಸ್ಲ್ಯಾಶ್, ಯು, ನಾಲ್ಕು ಅಂಕೆ ಅಂತ ಬದಲಿಸಿ ಬರೀತದೆ, ಓರೆಗೆರೆ ಕಂಡ್ರೆ ಅದರ ಹಿಂದೆಯೂ ಒಂದು ಬ್ಯಾಕ್‌ಸ್ಲ್ಯಾಶ್ ಸಿಕ್ಕಿಸ್ತದೆ. ನಾನು ಸಹಿ ಮಾಡುವಾಗ ಯೂನಿಕೋಡ್ ಹಾಗೇ ಇರಲಿ ಅಂತ ಫ್ಲ್ಯಾಗ್ ಕೊಟ್ಟಿದ್ದೆ. ಕಳಿಸುವಾಗ ಗಝಲ್ (Guzzle) ಅನ್ನುವ ರಿಕ್ವೆಸ್ಟ್ ಕಳಿಸುವ ಲೈಬ್ರರಿಗೆ ಅರೇ (ಡಾಟಾದ ಪಟ್ಟಿ) ಕೊಟ್ಟು 'ನೀನೇ ಜೆಸನ್ ಮಾಡಿಕೋ' ಅಂದೆ, ಅದು ತನ್ನ ರೀತಿಯಲ್ಲಿ ಇನ್ನೊಮ್ಮೆ ಮಾಡಿತು. ಓದಿದ್ರೆ ಎರಡೂ ಒಂದೇ ಮೆಸೇಜು, ಬೈಟ್ ಲೆಕ್ಕಕ್ಕೆ ಎರಡೂ ಬೇರೆ ಬೇರೆ, ಇಂಗ್ಲಿಷಿಗೆ ಈ ತಾಪತ್ರಯವೇ ಇಲ್ಲ, ಹಾಗಾಗಿ ಟೆಸ್ಟಲ್ಲಿ ಸಿಕ್ಕಿಬೀಳ್ಲಿಲ್ಲ. ಒಮ್ಮೆ ಸ್ಟ್ರಿಂಗ್ ಮಾಡಿ ಅದಕ್ಕೇ ಸಹಿ ಹಾಕಿ ಅದನ್ನೇ ಬಾಡಿಯಾಗಿ ಕಳಿಸಿದೆ, ಮುಗೀತು. ಇದು ನನ್ನದೇ ತಪ್ಪು, ಅದಕ್ಕೆ ಸ್ಟಾರ್ ಕಡಿಮೆ ಮಾಡ್ಲಿಲ್ಲ.

ಸ್ಟಾರ್ ಕಡಿಮೆ ಮಾಡಿದ್ದು ಉದ್ದದ ವಿಷಯಕ್ಕೆ. ಡಾಕ್ಯುಮೆಂಟಲ್ಲಿ ಬರೀ 'ಬಾಡಿಯ ಉದ್ದ' ಅಂತ ಬರ್ದಿದ್ದಾರೆ. ಎಂತದರ ಉದ್ದ ಮಾರಾಯ್ರೆ? 'ಕಾಸರಗೋಡು' ಅಂತ ಬರೆಯಿರಿ. ನಾವು ಎಣಿಸಿದ್ರೆ ಐದಕ್ಷರ. ಜಾವಾಸ್ಕ್ರಿಪ್ಟಿನ ಲೆಂಗ್ತ್ ಕೇಳಿದ್ರೆ 8 ಅಂತದೆ, ಕಾಗುಣಿತದ ಗುರುತೆಲ್ಲ ಅದಕ್ಕೆ ಬೇರೆ ಬೇರೆ. ಪಿಎಚ್‌ಪಿಯ ಸ್ಟ್ರ್‌ಲೆನ್ 24 ಅಂತದೆ, ಯಾಕಂದ್ರೆ ಅಕ್ಷರವನ್ನು ಬೈಟಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. ಅವರಿಗೆ ಬೇಕಾದದ್ದು 24. ಆದ್ರೆ ಅವರದೇ ಜಾವಾಸ್ಕ್ರಿಪ್ಟ್ ಸ್ಯಾಂಪಲಲ್ಲಿ ಲೆಂಗ್ತ್ ಹಾಕಿದ್ದಾರೆ, ಅಂದ್ರೆ ಕನ್ನಡ ಮಲಯಾಳಂ ಯಾವುದನ್ನೂ ಹಾಕಿ ಯಾರೂ ಒಮ್ಮೆಯೂ ನೋಡ್ಲಿಲ್ಲ ಅಂತ ಆಯ್ತು.

ಸಪೋರ್ಟಿಗೆ ಫೋನ್ ಮಾಡಿದೆ. ಕಾಸರಗೋಡು ಅಂದ ಕೂಡ್ಲೆ ಕೇಳದೆ ಮಲಯಾಳಂ ಲೈನಿಗೆ ಹಾಕಿದ್ರು. ನನಗೆ ಮಲಯಾಳಂ ಬರ್ತದೆ, ಬೇಜಾರಿಲ್ಲ, ಆದ್ರೆ ಕೇಳ್ಬಹುದಿತ್ತು. ಮಾತಾಡಿದವರು ಪಾಪ ಒಳ್ಳೆಯವರು, ಟಿಕೆಟ್ ಹಾಕಿದ್ರು, ನಾಲ್ಕನೇ ದಿನ 'ದಯವಿಟ್ಟು ಡಾಕ್ಯುಮೆಂಟ್ ಓದಿ' ಅಂತ ಉತ್ತರ ಬಂತು. ಓದಿಯೇ ಅಲ್ವಾ ಫೋನ್ ಮಾಡಿದ್ದು.

ಇಲ್ಲಿ ಒಂದು ಮಾತು. ಅಮೆಜಾನಿನ ಎಸ್3 (ಫೈಲ್ ಇಡುವ ಸರ್ವಿಸ್) ಬಳಸಿದವರಿಗೆ ಗೊತ್ತುಂಟು, ಅಲ್ಲಿ ಸಹಿ ತಾಳೆ ಆಗದಿದ್ರೆ ಅವರು ತಮ್ಮ ಕಡೆ ಯಾವ ಸ್ಟ್ರಿಂಗಿಗೆ ಸಹಿ ಲೆಕ್ಕ ಹಾಕಿದ್ರು ಅಂತ ಪೂರ್ತಿ ಎರರಿನಲ್ಲೇ ವಾಪಸ್ ಕೊಡ್ತಾರೆ. ನಮ್ಮದನ್ನು ಪಕ್ಕದಲ್ಲಿ ಇಟ್ಟು ನೋಡಿದ್ರೆ ಐದು ನಿಮಿಷದಲ್ಲಿ ತಪ್ಪು ಸಿಗ್ತದೆ. ಸೀಕ್ರೆಟ್ ಅದರಲ್ಲಿ ಇರುದಿಲ್ಲ, ಹಾಗಾಗಿ ಕೊಟ್ರೆ ಗಂಟು ಹೋಗುದೆಂತ? ನನ್ನ ಕೇಳಿದ್ರೆ ಸಹಿಯ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೆಲಸ ಹೇಳುವ ದಾರಿ) ಒಳ್ಳೇದಾ ಕೆಟ್ಟದ್ದಾ ಅಂತ ಎಲ್ಲ ಸರಿ ಇದ್ದಾಗ ನೋಡ್ಲೇಬಾರ್ದು, 401 ಬಂದಾಗ ಅದು ಎಷ್ಟು ಮಾತಾಡ್ತದೆ ಅಂತ ನೋಡ್ಬೇಕು.

ಮತ್ತೆ ಬಂತು ಮಳೆ. ಜೂನಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಮೆಸೇಜ್ ನಿಂತೋಗ್ತದೆ. ಧಣಿಯ ಫೋನು, "ಎಂತ ಮಾರಾಯ, ಮಳೆಗೂ ನಿನ್ನ ಮೆಸೇಜಿಗೂ ಎಂತ ಸಂಬಂಧ?" ಸಂಬಂಧ ಇತ್ತು. ಅಂಗಡಿಯ ಹಳೇ ಕಂಪ್ಯೂಟರಿನ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿತ್ತು, ಕರೆಂಟ್ ಹೋಗಿ ಬಂದ್ರೆ ಗಡಿಯಾರ ವರ್ಷಗಟ್ಲೆ ಹಿಂದೆ ಹೋಗ್ತಿತ್ತು. ಇವರು ಟೈಮಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಿಡುದಿಲ್ಲ, ಹಳೇ ರಿಕ್ವೆಸ್ಟನ್ನು ಕದ್ದು ಪುನಃ ಕಳಿಸುವವರನ್ನು ತಡೀಲಿಕ್ಕೆ ಆ ನಿಯಮ ಬೇಕು, ಅದು ಸರಿಯೇ. ಸೆಲ್ ಬದಲಿಸಿ ಟೈಮ್ ಸಿಂಕ್ ಆನ್ ಮಾಡಿದೆ. ಆಮೇಲೂ ಪುನಃ ನಿಂತಿತು! ನೋಡಿದ್ರೆ ಸೆಲ್ ಬದಲಿಸಿದ ಮರುದಿನ ಕೋಡಲ್ಲಿ ಏನೋ ಚಂದ ಮಾಡ್ಲಿಕ್ಕೆ ಹೋಗಿ, ಯುಟಿಸಿ (ಜಾಗತಿಕ ಸಮಯ) ಕೊಡುವ ಜಿಎಮ್‌ಡೇಟ್ ಇದ್ದಲ್ಲಿ ನಮ್ಮ ಟೈಮ್ ಕೊಡುವ ಬರೀ ಡೇಟ್ ಹಾಕಿಬಿಟ್ಟಿದ್ದೆ, ಕೊನೆಯಲ್ಲಿ ಯುಟಿಸಿಯ ಗುರುತಾದ ಝಡ್ ಹಾಗೇ ಇತ್ತು, ಅಂದ್ರೆ ನಮ್ಮ ಟೈಮನ್ನು ಯುಟಿಸಿ ಅಂತ ಹೇಳಿ ಐದೂವರೆ ಗಂಟೆ ಮುಂದೆ ಕೂತಿದ್ದೇನೆ.

ಬ್ರೌಸರಿನ ಕತೆ ಬೇರೆಯೇ. ಧಣಿಯ ಮಗನಿಗೆ ಗೋದಾಮಿನಲ್ಲಿ ಟ್ಯಾಬಿಂದಲೇ ಮೆಸೇಜ್ ಕಳಿಸ್ಬೇಕು. "ಅಣ್ಣ, ಅವರ ಡಾಕ್ಯುಮೆಂಟಲ್ಲೇ ಬ್ರೌಸರ್ ಕೋಡ್ ಉಂಟಲ್ಲ, ಅದನ್ನು ಹಾಕಿ ಸಾಕು" ಅಂದ. ಉಂಟು ಹೌದು, ಅದರಲ್ಲಿ ಸೀಕ್ರೆಟ್ ಅನ್ನು ಸೀದಾ ಪೇಜಿನೊಳಗೆ ಬರೀಲಿಕ್ಕೆ ಹೇಳಿದ್ದಾರೆ! ಪೇಜಿನ ಕೋಡ್ ತೆರೆಯುವ ಎಫ್12 ಒತ್ತುವ ಯಾರಿಗೂ ಅದು ಕಾಣ್ತದೆ. ಇಷ್ಟೆಲ್ಲ ಸಹಿ ಗಿಹಿ ಮಾಡಿ ಕೊನೆಗೆ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಇದಕ್ಕೆ ಪೂರ್ತಿ ಒಂದು ಸ್ಟಾರ್ ಕಡಿಮೆ.

ಆದ್ರೂ ಕುತೂಹಲಕ್ಕೆ ಒಂದು ಟೆಸ್ಟ್ ಕೀ ಹಾಕಿ ನೋಡಿದೆ. ನನ್ನ ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟಲ್ಲಿ (ಅದೇ ಕಂಪ್ಯೂಟರಿನ ಒಳಗಿನ ವಿಳಾಸ) ಸಹಿ ತಯಾರಾಗ್ತದೆ, ಟ್ಯಾಬಲ್ಲಿ ಒಳ ನೆಟ್‌ವರ್ಕಿನ 192.168 ಅಡ್ರೆಸ್ಸಿಂದ ತೆಗೆದ್ರೆ ಬ್ರೌಸರಲ್ಲಿ ಸಹಿ ಲೆಕ್ಕ ಹಾಕುವ ಕ್ರಿಪ್ಟೋದ ಸಟಲ್ ಅನ್ನುದೇ ಇಲ್ಲ. ಎಚ್‌ಟಿಟಿಪಿಎಸ್ ಇಲ್ಲದ ಪೇಜಿಗೆ ಬ್ರೌಸರ್ ಅದನ್ನು ಕೊಡುದಿಲ್ಲ, ಲೋಕಲ್‌ಹೋಸ್ಟಿಗೆ ಮಾತ್ರ ರಿಯಾಯಿತಿ. ಅದನ್ನು ದಾಟಿದ್ರೆ ಕಾರ್ಸ್ ಎರರ್, ಅಂದ್ರೆ ಬೇರೆ ಸೈಟಿಗೆ ರಿಕ್ವೆಸ್ಟ್ ಕಳಿಸುವಾಗ ಬ್ರೌಸರ್ ಹಾಕುವ ತಡೆ. ನಮ್ಮದೇ ಹೆಡರ್ ಸೇರಿಸಿದ್ರೆ ಬ್ರೌಸರ್ ಮೊದಲು ಆಪ್ಷನ್ಸ್ ಅಂತ ಒಂದು ಖಾಲಿ ರಿಕ್ವೆಸ್ಟ್ ಕಳಿಸಿ 'ಬರ್ಲಾ' ಅಂತ ಕೇಳ್ತದೆ, ಅದರಲ್ಲಿ ಸಹಿ ಇರುದಿಲ್ಲ, ಇರ್ಲಿಕ್ಕೆ ಸಾಧ್ಯವೂ ಇಲ್ಲ. ಇವರ ಸರ್ವರ್ ಅದಕ್ಕೂ ಸಹಿ ಎಲ್ಲಿ ಅಂತ ಕೇಳಿ 401 ಕೊಡ್ತದೆ. ಅಂದ್ರೆ ಆ ಸ್ಯಾಂಪಲ್ ಯಾವ ಬ್ರೌಸರಲ್ಲೂ ಯಾವತ್ತೂ ಓಡಿದ್ದೇ ಅಲ್ಲ. ಒಂದು ರೀತಿಯಲ್ಲಿ ಒಳ್ಳೇದೇ ಆಯ್ತು.

ಕೊನೆಗೆ ಮಾಡಿದ್ದು ಹೀಗೆ, ಟ್ಯಾಬ್ ನಮ್ಮ ಸರ್ವರಿಗೆ ಲಾಗಿನ್ ಆಗಿ ತೂಕ ಮಾತ್ರ ಕಳಿಸ್ತದೆ, ಸಹಿ ಹಾಕುದು ಸರ್ವರಿನ ಪಿಎಚ್‌ಪಿ. ಮೂವತ್ತು ಸಾಲಿನ ಕೋಡ್, ಅಷ್ಟೇ.

ಮೂರೂವರೆ ಯಾಕೆ ಕೊಟ್ಟೆ ಅಂದ್ರೆ, ಮೆಸೇಜ್ ತಲುಪಿತಾ ಅಂತ ಅವರು ನಮಗೆ ವಾಪಸ್ ಕಳಿಸುವ ವೆಬ್‌ಹುಕ್ ಚೊಕ್ಕ ಮಾಡಿದ್ದಾರೆ. ಅದಕ್ಕೂ ಸಹಿ ಉಂಟು, ಬಾಡಿಯನ್ನು ಬಂದ ಹಾಗೇ ತೆಗೆದು ಲೆಕ್ಕ ಹಾಕಿ ಹ್ಯಾಶ್_ಈಕ್ವಲ್ಸಲ್ಲಿ ಹೋಲಿಸಿ ಅಂತ ಸರಿಯಾಗಿ ಬರ್ದಿದ್ದಾರೆ, ಬರೀ ಈಕ್ವಲ್ ಚಿಹ್ನೆ ಹಾಕಿದ್ರೆ ಹೋಲಿಸ್ಲಿಕ್ಕೆ ಎಷ್ಟು ಹೊತ್ತು ಹಿಡೀತು ಅನ್ನುದರಿಂದಲೇ ಸಹಿ ಸೋರಬಹುದು ಅಂತ ಕಾರಣವನ್ನೂ ಕೊಟ್ಟಿದ್ದಾರೆ. ಅದೇ ಮನುಷ್ಯ ಉಳಿದ ಪುಟಗಳನ್ನೂ ಬರೆದಿದ್ರೆ ಐದು ಸ್ಟಾರ್ ಕೊಡ್ತಿದ್ದೆ. ಮೆಸೇಜ್ ಕೂಡ ಬೇಗ ಹೋಗ್ತದೆ, ಗಾಡಿಯಿಂದ ಗೋಣಿ ಇಳಿಸಿದವರು ಚಾ ಕುಡಿದು ಮುಗಿಸುವ ಮೊದಲು ಫೋನ್ ಟಿಂಗ್ ಅಂತದೆ.

ಖರ್ಚಿನ ವಿಷಯ: ಕನ್ನಡದಲ್ಲಾದ್ರೆ ಒಂದು ಎಸ್ಸೆಮ್ಮೆಸ್ಸಿಗೆ 70 ಗುರುತು ಮಾತ್ರ, ಇಂಗ್ಲಿಷಿಗೆ 160. ಅದು ಹೆಚ್ಚಾಗಿ ಎಲ್ಲಾ ಕಡೆಯೂ ಹಾಗೇ, ಇವರನ್ನು ಬೈದು ಪ್ರಯೋಜನ ಇಲ್ಲ. 'ಕಾಸರಗೋಡು'ವಿಗೇ 8 ಹೋಗುದರಿಂದ ಅಂಗಡಿಯ ವಿಳಾಸ ತೆಗೆದು ಹೆಸರು ಮಾತ್ರ ಇಟ್ಟಿದ್ದೇವೆ. ಟೆಂಪ್ಲೇಟ್ (ಮೆಸೇಜಿನ ಅಚ್ಚು) ಡಿಎಲ್‌ಟಿಯಲ್ಲಿ, ಅಂದ್ರೆ ಟೆಲಿಕಾಂ ಕಂಪೆನಿಗಳ ನೋಂದಣಿ ವ್ಯವಸ್ಥೆಯಲ್ಲಿ, ಮೊದಲೇ ರಿಜಿಸ್ಟರ್ ಆಗಿರ್ಬೇಕು, ಕನ್ನಡಕ್ಕೆ ಒಂದು, ಮಲಯಾಳಂಗೆ ಒಂದು.

ಇನ್ನು ತಗೊಳ್ಳುವವರಿಗೆ ಒಂದು ಸಂಗತಿ. ಇವರ ಡ್ಯಾಶ್‌ಬೋರ್ಡಲ್ಲಿ ಹೊಸ ಸೀಕ್ರೆಟ್ ತೆಗೆದ ಕ್ಷಣವೇ ಹಳೇದು ಸಾಯ್ತದೆ, ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ನಡೆಯುವ ವ್ಯವಸ್ಥೆ ಇಲ್ಲ. ನಾನು ಒಂದು ಶನಿವಾರ ಹಗಲು ಹನ್ನೊಂದಕ್ಕೆ, ಅಂಗಡಿ ಮುಂದೆ ಏಳು ಪಿಕಪ್ ನಿಂತಿರುವಾಗ ಆ ಬಟನ್ ಒತ್ತಿದ್ದು. ನೀವು ಶಟರ್ ಎಳೆದ ಮೇಲೆ ಒತ್ತಿ.